ಸಿದ್ದಕ್ಕನ ಅಮಾವಾಸ್ಯೆ ರಿಪೋರ್ಟು

‘ನನಗೆ ಗೊತ್ತಾಗಲಿಲ್ಲ’ ಎಂಬ ಮಾತು ನಮ್ಮಕ್ಕ ಸಿದ್ದಕ್ಕನ ಬಾಯಿಂದ ಹೊರಟದ್ದನ್ನು ಇಷ್ಟು ವರ್ಷದಲ್ಲಿ ನಾನು ಒಂದೇ ಸಲ ಕೇಳಿದ್ದೇನೆ. ಅದೂ ಹೋದ ತಿಂಗಳು. ಅದರಲ್ಲೇನು ಮಹಾ ಅಂತ ನಿಮಗನ್ನಿಸಬಹುದು. ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು ನಾನು, ನನಗೆ ಮಾತ್ರ ಅದು ಸಣ್ಣ ಮಾತಲ್ಲ.

ಅಕ್ಕ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಮನೆಯ ಮುಂದಿನ ಕೋಣೆಯ ತುಂಬ ಮಗ್ಗವೇ. ನೆಲದಲ್ಲಿ ಒಂದು ಗುಂಡಿ, ಅದರ ಅಂಚಿನಲ್ಲಿ ಕುಳಿತು ಕಾಲು ಕೆಳಗೆ ಬಿಟ್ಟು ತುಳಿಮಣೆ ತುಳಿಯುತ್ತ ನೇಯಬೇಕು. ಮದುವೆಯಾಗಿ ಹೋದ ಹೊಸದರಲ್ಲಿ ಅವಳ ಅತ್ತೆ ರಂಗಕ್ಕ, ಮೂರು ಲಾಳಿಯ ಸೀರೆ ಇವಳ ಕೈಗೆ ಹತ್ತುವ ಕೆಲಸವಲ್ಲ ಅಂತ ತೆಲುಗಿನಲ್ಲಿ ‘ಇದಿ ನೀಕು ರಾದು’ ಅಂದುಬಿಟ್ಟರು. ಒಂದು ಲಾಳಿ ಈ ಅಂಚಿಗೆ, ಒಂದು ಒಡಲಿಗೆ, ಇನ್ನೊಂದು ಆಚೆ ಅಂಚಿಗೆ. ತೆಲುಗು ಮನೆಮಾತಿನ ಆ ಮನೆಯಲ್ಲಿ ಅಕ್ಕ ಸರಿಯಾಗಿ ಕಲಿತ ಮೊದಲ ತೆಲುಗು ವಾಕ್ಯ ಅತ್ತೆಯ ಆ ಮಾತೇ ಇರಬೇಕು. ಮುಂದಿನ ದೀಪಾವಳಿಗೆ ಅತ್ತೆ ಉಟ್ಟದ್ದು ಸೊಸೆ ನೇಯ್ದ ಮೂರು ಲಾಳಿಯ ಸೀರೆ. ಭಾವ ಮೂಡಲಗಿರಿಯಪ್ಪನವರೂ ನೇಯುತ್ತಿದ್ದವರೇ. ಕಣ್ಣು ಮಂಜಾದ ಮೇಲೆ ಮಗ್ಗ ಅಕ್ಕನದಾಯಿತು, ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಕೆಲಸ ಅವರದಾಯಿತು. ಮಾತಿನ ಪಾಲೂ ಹೆಚ್ಚುಕಡಿಮೆ ಹಾಗೇ ಹಂಚಿಹೋಯಿತು, ಭಾವ ಬಾಯಿ ಬಿಡುವುದೇ ಅಪರೂಪ.

ಎರಡು ವರ್ಷದ ಹಿಂದೆ ಅವರ ಬೀದಿಯ ಆಶಾ ಕಾರ್ಯಕರ್ತೆ ಮಾಲತಿ ಮನೆಮನೆಗೆ ಬಂದು ಬೆರಳು ಚುಚ್ಚಿ ರಕ್ತ ನೋಡಿದಾಗ ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಕಾಯಿಲೆಯ ಸುದ್ದಿಗಿಂತ ಆ ಸೂಜಿಯ ಮೇಲೆಯೇ ಅಕ್ಕನಿಗೆ ಹೆಚ್ಚು ಕೋಪ ಬಂದಿತ್ತು. ಚುಚ್ಚಿಸಿಕೊಂಡ ತೋರುಬೆರಳಿನ ತುದಿಯ ಚರ್ಮ ಒರಟಾಗಿ, ಮಧ್ಯಾಹ್ನ ಮಗ್ಗಕ್ಕೆ ಕೂತಾಗ ರೇಷ್ಮೆ ಎಳೆಯನ್ನು ಹಿಡಿದು ಹಿಡಿದು ಜಗ್ಗಿತಂತೆ. ಅಷ್ಟು ಸಾಲದು ಅಂತ ಬಿಳಿ ಒಡಲ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಕಲೆ. ಮಗ್ಗ ಆಡುವ ದಿನ ಇನ್ನು ಯಾರೂ ತನ್ನ ಕೈಗೆ ಸೂಜಿ ತಾಗಿಸಕೂಡದು ಅಂತ ಅವತ್ತೇ ಕಟ್ಟಪ್ಪಣೆಯಾಯಿತು.

ಹಾಗಾದರೆ ರಕ್ತ ಪರೀಕ್ಷೆ ಯಾವಾಗ? ಅಮಾವಾಸ್ಯೆಗೆ. ನೇಕಾರರ ಮನೆಯಲ್ಲಿ ಅಮಾವಾಸ್ಯೆ ದಿನ ಮಗ್ಗ ಆಡುವುದಿಲ್ಲ. ಮಗ್ಗ ಒರೆಸಿ, ಲಾಳಿಗೆ ಕುಂಕುಮ ಇಟ್ಟು, ಪೂಜೆ ಮುಗಿಸಿ ಬಿಡುವಾಗಿರುತ್ತಾರೆ. ಅಕ್ಕ ನಸುಕಿನಲ್ಲೇ ಪೂಜೆ ಮುಗಿಸಿ ಮೊದಲ ಬಸ್ಸು ಹತ್ತಿ, ಬಿ.ಜಿ.ಕೆರೆ, ತಳಕು ದಾಟಿ ಚಳ್ಳಕೆರೆಗೆ ನಮ್ಮ ಮನೆಗೆ ಬರುತ್ತಿದ್ದಳು. ನನ್ನ ಗಂಡ ಇಲ್ಲಿ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿ. ನಮ್ಮ ರಸ್ತೆಯ ತಿರುವಿನಲ್ಲಿ ಕಿರಣ್‌ಕುಮಾರನ ಲ್ಯಾಬ್ ಇದೆ. ಊರಿನವರ ಕಣ್ಣಿಗೆ ಬೀಳದೆ ರಕ್ತ ಕೊಡಬಹುದು, ತಂಗಿಯ ಮನೆಯಲ್ಲಿ ಉಂಡೂ ಹೋಗಬಹುದು. ಖಾಲಿ ಹೊಟ್ಟೆಯ ಸಕ್ಕರೆ ಒಂದೇ ನೋಡಪ್ಪ, ಬೇರೆ ಏನೂ ಬೇಡ, ಅಂತ ಅವನಿಗೆ ತಾಕೀತು. ಒಮ್ಮೆ ಡಾಕ್ಟರಿಗೂ ತೋರಿಸಿ ಅಂತ ಅವನು ಪ್ರತಿ ಸಲ ಹೇಳುತ್ತಿದ್ದ, ಇವಳು ಪ್ರತಿ ಸಲ ಕಿವಿಯ ಮೇಲೆ ಹಾಕಿಕೊಳ್ಳದೆ ಬರುತ್ತಿದ್ದಳು.

ಯಾಕೆ ಹಾಕಿಕೊಳ್ಳುತ್ತಾಳೆ? ರಿಪೋರ್ಟು ಒಂದೊಂದೂ ಮುತ್ತಿನಂತಿರುತ್ತಿತ್ತು. ನೂರಮೂವತ್ತು ದಾಟಿದ್ದೇ ಇಲ್ಲ. ಅದನ್ನು ನನ್ನ ಮೂಗಿನ ಮುಂದೆ ಆಡಿಸಿ, ‘ಎಲ್ಲೈತೆ ತೋರ್ಸು ಸಕ್ಕರೆ’ ಅನ್ನುವುದು, ಆಮೇಲೆ ತುಪ್ಪ ಹಾಕಿಸಿಕೊಂಡು ಹೋಳಿಗೆ ತಿನ್ನುವುದು. ಅವಳಿಗೆ ಕಾಯಿಲೆಯನ್ನು ಮಣಿಸಿದ ಹೆಮ್ಮೆ. ನನಗೆ ಒಳಗೊಳಗೇ ಅನುಮಾನ. ಆದರೆ ಕಾಗದದ ಮೇಲೆ ಅಂಕಿ ಅಚ್ಚಾಗಿರುವಾಗ ಸಿದ್ದಕ್ಕನ ಹತ್ತಿರ ವಾದ ಮಾಡಿ ಗೆದ್ದವರು ಯಾರು?

ಹೋದ ಚಳಿಗಾಲದಲ್ಲಿ ಒಂದು ಕೆಲಸದ ಮೇಲೆ ಮೊಳಕಾಲ್ಮೂರಿಗೆ ಹೋಗಿದ್ದೆ. ಅಕ್ಕ ಮಗ್ಗದಲ್ಲಿದ್ದಳು. ನಾನು ಗೋಡೆಗೆ ಒರಗಿ ಕೂತು ಅವಲಕ್ಕಿ ತಿನ್ನುತ್ತ ನೋಡುತ್ತಿದ್ದೆ. ನೋಡನೋಡುತ್ತ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಕ್ಕ ತಲೆ ಬಗ್ಗಿಸಿ ಗುಂಡಿಯೊಳಗೆ ತನ್ನ ಕಾಲು ನೋಡಿಕೊಳ್ಳುತ್ತಿದ್ದಳು. ಒಂದು ಸಲ ಅಲ್ಲ, ತುಳಿಯುವ ಮುನ್ನ ಪ್ರತಿ ಸಲ.

ನಾವಿಬ್ಬರೂ ನೇಕಾರರ ಮನೆಯಲ್ಲಿ ಹುಟ್ಟಿದವರು. ನೇಯುವವರ ಕಣ್ಣು ಬಟ್ಟೆಯ ಮೇಲಿರುತ್ತದೆ, ಕಾಲು ತನ್ನ ಪಾಡಿಗೆ ಮಣೆ ಹುಡುಕಿಕೊಳ್ಳುತ್ತದೆ. ಉಣ್ಣುವಾಗ ಕೈಗೆ ಬಾಯಿ ಸಿಕ್ಕಂತೆ. ಕಾಲು ನೋಡಿಕೊಂಡು ತುಳಿಯುವವರು ಕಲಿಯುವ ಮಕ್ಕಳು ಮಾತ್ರ. ಏನಾಗಿದೆ ಕಾಲಿಗೆ ಅಂತ ಕೇಳಿದೆ. ಏನೂ ಇಲ್ಲ, ಚಳಿಗೆ ಜುಮ್ಮೆನ್ನುತ್ತಿದೆ, ನಿನ್ನ ಅವಲಕ್ಕಿ ನೀನು ತಿನ್ನು, ಅಂದಳು. ಅವಳು ನೀರಿಗೆ ಎದ್ದು ಹೋದಾಗ ಭಾವ ಕಂಡಿಕೆ ಕೆಳಗಿಟ್ಟು, ಮಗ್ಗದ ಮೇಲಿನ ಸೀರೆಯನ್ನು ಬೆರಳಲ್ಲಿ ತಡವಿ ಒಂದು ಜಾಗ ತೋರಿಸಿದರು. ಅಡ್ಡಕ್ಕೆ ಒಂದು ಸಣ್ಣ ಗೆರೆ, ಮಣೆ ತಪ್ಪಿ ತುಳಿದದ್ದರ ಗುರುತು. ಇಂಥವು ಈಗ ಸೀರೆಗೆ ಎರಡು ಮೂರು ಬೀಳುತ್ತಿವೆ, ಮೊನ್ನೆ ಬಜಾರಿನಲ್ಲಿ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ಮನೆಯವರೆಗೆ ನಡೆದು ಬಂದಳು, ಅಂತ ಹೇಳಿದರು. ನನ್ನಕ್ಕನಿಂದ ಮಗ್ಗ ಬಿಡಿಸಿದರೆ ಉಳಿಯುವುದೇನು? ಮನೆಯಲ್ಲಿ ಅವಳು ಕೂರುವ ಜಾಗ ಬೇರೆ ಇದ್ದದ್ದನ್ನೇ ನಾನು ನೋಡಿಲ್ಲ. ಈ ಸಲ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗದೆ ಬಿಡುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡೆ. ಹಠ ಅವಳೊಬ್ಬಳ ಸೊತ್ತೇನಲ್ಲ, ಒಂದೇ ಅವ್ವನ ಮಕ್ಕಳು ನಾವು.

ಆದರೂ ಮುಂದಿನ ಅಮಾವಾಸ್ಯೆವರೆಗೆ ಕಾಯಲೇಬೇಕಾಯಿತು. ಮಗ್ಗ ನಿಲ್ಲಿಸಿ ಬಾ ಅಂದರೆ ಜಪ್ಪಯ್ಯ ಅಂದರೂ ಬರುವವಳಲ್ಲ. ಆ ದಿನ ಭಾವನನ್ನೂ ಕರೆಸಿಕೊಂಡೆ. ಲ್ಯಾಬಿನಿಂದ ರಿಪೋರ್ಟು ಹಿಡಿದು ಬೀಗುತ್ತ ಬಂದವಳನ್ನು, ಇದನ್ನು ಡಾಕ್ಟರಿಗೂ ಒಮ್ಮೆ ತೋರಿಸಿ ಹೊಗಳಿಸಿಕೊಂಡು ಬಾ ಅಂತ ಉಬ್ಬಿಸಿ, ಡಾಕ್ಟರ್ ಸೌಂದರ್ಯ ಅವರ ಕ್ಲಿನಿಕ್ಕಿಗೆ ಕರೆದೊಯ್ದೆ.

ಡಾಕ್ಟರು ರಿಪೋರ್ಟು ನೋಡಿ ಸುಮ್ಮನೆ ಪಕ್ಕಕ್ಕಿಟ್ಟರು. ಅಕ್ಕನನ್ನು ಮಂಚದ ಮೇಲೆ ಮಲಗಿಸಿ, ಪೆನ್ನಿನಂಥ ಒಂದು ಹಿಡಿಕೆ ತೆಗೆದರು. ಅದರ ತುದಿಯಲ್ಲಿ ಒಂದೇ ಒಂದು ನೈಲಾನ್ ಎಳೆ. ಕಣ್ಣು ಮುಚ್ಚಿಕೊಳ್ಳಿ, ಎಳೆ ಪಾದಕ್ಕೆ ತಾಗಿದಾಗ ಹೂಂ ಅನ್ನಿ, ಅಂದರು. ಅಕ್ಕ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಿಗೊಮ್ಮೆ ‘ಹೂಂ’, ಮತ್ತೆ ‘ಹೂಂ’ ಅನ್ನತೊಡಗಿದಳು. ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. ಡಾಕ್ಟರ ಕೈ ನೋಡಿದೆ. ಎಳೆ ಗಾಳಿಯಲ್ಲೇ ಇತ್ತು.

‘ಸಿದ್ದಕ್ಕ, ನಾನಿನ್ನೂ ಮುಟ್ಟೇ ಇಲ್ಲ ಕಣ್ರಿ.’

‘ಮುಟ್ಟದಂಗೆ ಯಾಕೆ ಕೇಳ್ತೀರಿ ಮತ್ತೆ?’ ಅಂತ ಅಕ್ಕ ಎದ್ದು ಕೂತು ಅವರನ್ನೇ ದಬಾಯಿಸಿದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ, ಕಣ್ಣು ತುಂಬಿ ಬಂತು. ರೇಷ್ಮೆ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಇದು ಇಂಥ ಕಡೆಯ ನೂಲು ಅಂತ ಹೇಳುವ ಹೆಂಗಸಿಗೆ, ಪಾದದ ಮೇಲೆ ಎಳೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಡಾಕ್ಟರು ಸಿಡುಕಲಿಲ್ಲ. ಇನ್ನೊಂದು ಸಲ ನಿಧಾನವಾಗಿ ಪರೀಕ್ಷೆ ಮಾಡಿ, ಹೆಬ್ಬೆರಳು ಮತ್ತು ಅಂಗಾಲಿನ ಮುಂಭಾಗಕ್ಕೆ ಸ್ಪರ್ಶವಿಲ್ಲ ಅಂತ ಬರೆದುಕೊಂಡರು. ಇಷ್ಟು ಒಳ್ಳೆಯ ರಿಪೋರ್ಟಿಗೂ ಈ ಕಾಲಿಗೂ ತಾಳೆಯಾಗುತ್ತಿಲ್ಲವಲ್ಲ, ಮನೆಯಲ್ಲಿ ಊಟ ಹೇಗೆ, ಮಾತ್ರೆ ಹೇಗೆ ಅಂತ ಕೇಳಿದರು. ಎಲ್ಲಾ ಸರಿಯಾಗೈತೆ ಅಂದಳು ಅಕ್ಕ. ಆಗ ಮೂಲೆಯಲ್ಲಿದ್ದ ಭಾವ, ವರ್ಷಕ್ಕೊಮ್ಮೆ ಬಾಯಿ ಬಿಡುವ ಮನುಷ್ಯ, ಬಾಯಿ ಬಿಟ್ಟರು.

‘ಇಲ್ಲಮ್ಮ. ಮಾತ್ರೆ ತಗಳ್ಳೋದು ಅಮಾವಾಸ್ಯೆಗೆ ಮೂರು ದಿನ ಮುಂಚಿಂದ ಅಷ್ಟೆ. ಆ ಮೂರು ದಿನ ಅನ್ನ ಇಲ್ಲ, ಟೀಗೆ ಸಕ್ಕರೆ ಇಲ್ಲ. ಹಿಂದಿನ ರಾತ್ರಿ ನಮ್ಮವ್ವ ಮಾಡಿಟ್ಟ ಪದ್ಧತಿ, ಊಟಾನೇ ಇಲ್ಲ, ಒಂದು ಲೋಟ ಮಜ್ಜಿಗೆ. ಮಿಕ್ಕಿದ ದಿನ ಮಗ್ಗದ ಮುಂದೆ ಗಂಟೆಗೊಂದು ಸಿಹಿ ಟೀ.’

ಪರೀಕ್ಷೆಯ ಹಿಂದಿನ ಮೂರು ದಿನ ಓದಿ ಪಾಸಾಗುವ ಮಕ್ಕಳನ್ನು ಕಂಡಿದ್ದೇನೆ, ರಕ್ತವನ್ನೇ ಹಾಗೆ ಓದಿಸಿ ಕಳಿಸಿದವಳು ನಮ್ಮಕ್ಕ ಒಬ್ಬಳೇ. ಅಕ್ಕ ಗಂಡನನ್ನು ಸುಡುವಂತೆ ನೋಡಿದಳು. ಅವರು ನೆಲ ನೋಡುತ್ತ ನಿಂತರು, ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಡಾಕ್ಟರು ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಖಾಲಿ ಹೊಟ್ಟೆಯ ಪರೀಕ್ಷೆ ಹೇಳುವುದು ಆ ಹೊತ್ತಿನ ಸಂಗತಿ ಮಾತ್ರ. ಇನ್ನೊಂದು ಪರೀಕ್ಷೆ ಇದೆ. ರಕ್ತದ ಕೆಂಪು ಕಣ ಮೂರು ತಿಂಗಳಿಗೂ ಮಿಕ್ಕಿ ಬದುಕುತ್ತದೆ, ಆ ದಿನಗಳಲ್ಲಿ ರಕ್ತದಲ್ಲಿ ಓಡಾಡಿದ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತ ಹೋಗುತ್ತದೆ. ಎಷ್ಟು ಅಂಟಿದೆ ಅಂತ ಅಳೆದರೆ ಮೂರು ತಿಂಗಳು ಹೇಗಿತ್ತು ಅಂತ ತಿಳಿಯುತ್ತದೆ. ಅದಕ್ಕೆ ಉಪವಾಸವೂ ಬೇಕಿಲ್ಲ.

ಅಕ್ಕ ಸೆರಗಿನ ಎಳೆಯೊಂದನ್ನು ಬೆರಳಲ್ಲಿ ಹೊಸೆದಳು. ‘ನೂಲಿಗೆ ಬಣ್ಣ ಹಿಡ್ದಂಗೆ’ ಅಂದಳು. ‘ಹಿಂದಿನ ದಿನ ತೊಳೆದ್ರೆ ಹೋಗಲ್ಲ.’

ಡಾಕ್ಟರು ಅಂದೇ ರಕ್ತ ತೆಗೆಸಿದರು. ಕಿರಣ್‌ಕುಮಾರ್ ಒಂದಾದ ಮೇಲೊಂದು ಕೊಳವೆ ತುಂಬುವಾಗ ಅಕ್ಕ ಗೊಣಗಿದಳು. ಎಲ್ಲಾ ಸೇರಿದರೂ ಎರಡು ಚಮಚದಷ್ಟು, ಊಟ ಮಾಡಿ ನೀರು ಕುಡಿದರೆ ದೇಹ ತುಂಬಿಕೊಳ್ಳುತ್ತದೆ ಅಂತ ಅವನು ಸಮಾಧಾನ ಹೇಳಿದ. ಒಂದರಲ್ಲಿ ಮೂರು ತಿಂಗಳ ಸಕ್ಕರೆ. ಇನ್ನೊಂದರಲ್ಲಿ ಹಿಮೋಗ್ಲೋಬಿನ್, ಯಾಕೆಂದರೆ ರಕ್ತ ತೀರಾ ಕಡಿಮೆ ಇದ್ದರೆ ಮೂರು ತಿಂಗಳ ಲೆಕ್ಕವೂ ದಾರಿ ತಪ್ಪಿಸಬಹುದಂತೆ. ಮತ್ತೊಂದರಲ್ಲಿ ಮೂತ್ರಪಿಂಡ ಹೇಗಿದೆ ಅಂತ ಹೇಳುವ ಪರೀಕ್ಷೆ, ಜೊತೆಗೆ ಬಿ ಹನ್ನೆರಡು ಎಂಬ ವಿಟಮಿನ್ನು, ಅದು ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ. ಸಂಜೆ ಎಲ್ಲಾ ಬಂತು. ವಿಟಮಿನ್ನು ಸರಿಯಿತ್ತು, ಮೂತ್ರಪಿಂಡ ಸದ್ಯಕ್ಕೆ ಚೆನ್ನಾಗಿತ್ತು, ರಕ್ತ ತುಸು ಕಡಿಮೆ, ಲೆಕ್ಕ ಕೆಡಿಸುವಷ್ಟಲ್ಲ. ಮೂರು ತಿಂಗಳ ಸಕ್ಕರೆ ಒಂಬತ್ತು ದಾಟಿತ್ತು, ಅದು ಶೇಕಡಾ ಲೆಕ್ಕ, ಏಳರ ಹತ್ತಿರ ಇರಬೇಕಿತ್ತು.

ಡಾಕ್ಟರು ಮುಚ್ಚಿಡದೆ ಹೇಳಿದರು. ಈ ಸಕ್ಕರೆ ಕಾಲಿನ ನರ ತಿಂದಿದೆ. ಜಾಲಿ ಮುಳ್ಳು ಮುರಿದರೂ ನಿಮಗೆ ತಿಳಿಯುವುದಿಲ್ಲ. ಗಾಯ ಕೀವಾದ ಮೇಲೆ ಬಂದರೆ ಕಾಲು ಉಳಿಸುವುದು ಕಷ್ಟ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

‘ಮಗ್ಗದಾಗೆ ಕುಂತ್ಕಬೋದಾ?’

‘ಹೋಗಿರೋ ಸ್ಪರ್ಶ ವಾಪಸ್ ಬರುತ್ತೆ ಅಂತ ಸುಳ್ಳು ಹೇಳಲ್ಲ. ಉಳಿದಿರೋದನ್ನ ಉಳಿಸ್ಕೋಬಹುದು. ಸಕ್ಕರೆ ಹಿಡಿತದಲ್ಲಿಟ್ರೆ ಕೂತ್ಕೊಳ್ರಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಮನೇಲಿ ಬೆರಳು ಚುಚ್ಚಿ ನೋಡ್ಕೋಬೇಕು. ಮಾಮೂಲಿ ದಿನ, ಊಟದ ಮುಂಚೆ, ಊಟ ಆಗಿ ಎರಡು ಗಂಟೆಗೆ.’

ಮನೆಗೆ ಬಂದರೆ ಹೋಳಿಗೆ ಮಾಡಿಟ್ಟದ್ದು ಹಾಗೇ ಇತ್ತು. ಅಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ಮುದ್ದೆ, ಸೊಪ್ಪಿನ ಸಾರು ಕೇಳಿ ಹಾಕಿಸಿಕೊಂಡಳು. ಉಣ್ಣುತ್ತ ಉಣ್ಣುತ್ತ ನಿಲ್ಲಿಸಿ, ‘ಆ ಲ್ಯಾಬ್ ಹುಡುಗನ್ನ ಯಾಮಾರಿಸ್ತಿದೀನಿ ಅನ್ಕಂಡಿದ್ದೆ ಕಣೆ ಪ್ರೇಮಾ. ನನ್ನ ಕಾಲನ್ನೇ ಯಾಮಾರಿಸಿದೆ’ ಅಂದಳು. ಅಷ್ಟೇ. ಅತ್ತಿದ್ದರೆ ನಾನೂ ಅಳುತ್ತಿದ್ದೆ, ಅವಳು ಇನ್ನೊಂದಿಷ್ಟು ಸಾರು ಕೇಳಿದಳು.

ಬೆರಳು ಚುಚ್ಚುವ ಕಗ್ಗಂಟು ಮಾತ್ರ ಬಿಡಿಸುವುದು ಸುಲಭವಿರಲಿಲ್ಲ. ದಿನಾ ಚುಚ್ಚಿಸಿಕೊಂಡರೆ ರೇಷ್ಮೆ ಮುಟ್ಟುವುದು ಹೇಗೆ? ಅಕ್ಕ ಊರಿಗೆ ಹೋದವಳೇ ಮಾಡಿದ ಕೆಲಸ ಭಾವ ಫೋನಿನಲ್ಲಿ ಹೇಳಿದರು. ಹತ್ತೂ ಬೆರಳಿನ ತುದಿಗೆ ಹರಿದ ನೂಲಿನ ತುಂಡು ಸುತ್ತಿಕೊಂಡು ನೇಯಲು ಕೂತಳಂತೆ. ಎಳೆ ಗಂಟು ಹಾಕುವಾಗ ಹೆಬ್ಬೆರಳು, ತೋರುಬೆರಳಿನವು ಮೊದಲೇ ಕಿತ್ತುಬಂದವು. ಲಾಳಿ ಹಿಡಿಯುವಾಗ ಇನ್ನಷ್ಟು. ಅಡ್ಡಿಯಾದದ್ದನ್ನೆಲ್ಲ ಬಿಚ್ಚಿ ಎಸೆಯುತ್ತ ಹೋದಳು. ಊಟದ ಹೊತ್ತಿಗೆ ಎಡಗೈ ಕಿರುಬೆರಳು, ಉಂಗುರ ಬೆರಳಿನವು ಮಾತ್ರ ಸುತ್ತಿದ್ದು ಸುತ್ತಿದ ಹಾಗೇ ಇದ್ದವು. ಆ ಎರಡು ಬೆರಳು ರೇಷ್ಮೆಯ ತಂಟೆಗೇ ಹೋಗುವುದಿಲ್ಲ. ಮಾಲತಿಯನ್ನು ಕರೆಸಿ, ‘ಇಲ್ಲಿ ಚುಚ್ಚು, ತುದೀಗೆ ಬೇಡ, ಪಕ್ಕಕ್ಕೆ’ ಅಂತ ಕೈ ಚಾಚಿದಳು. ಪಕ್ಕಕ್ಕೆ ಚುಚ್ಚಿದರೆ ನೋವೂ ಕಡಿಮೆ ಅಂತ ಮಾಲತಿ ಅಂದಳಂತೆ. ನೋವಿನ ವಿಚಾರ ಯಾರು ಕೇಳಿದರು ಅಂತ ಅವಳಿಗೂ ಒಂದು ಬೈಗುಳ ಬಿತ್ತು.

ಮಾಮೂಲಿ ದಿನಗಳ ಅಂಕಿ ನೋಡಿದ ಮೇಲೆ ಅಕ್ಕನಿಗೆ ತನ್ನ ಮೇಲೆಯೇ ರೇಗಿತು. ಮಧ್ಯಾಹ್ನದ ಅನ್ನ, ಮಗ್ಗದ ಮುಂದಿನ ಟೀ ಎಷ್ಟು ಏರಿಸುತ್ತಿದ್ದವು ಅಂತ ಕಣ್ಣಾರೆ ಕಂಡಳು. ಟೀಯ ಸಕ್ಕರೆ ಅವತ್ತಿಗೇ ಬಂದ್. ಡಾಕ್ಟರು ಕೊಟ್ಟ ಹೊಸ ಮಾತ್ರೆ ಕಂಡಿಕೆ ಬುಟ್ಟಿಯಲ್ಲಿ ಭಾವನ ಕೈಗೆ ಸಿಗುವಂತೆ ಇಟ್ಟಳು. ಅವರು ಹೊತ್ತಿಗೆ ಸರಿಯಾಗಿ ‘ಏಮೇ, ಮಾತ್ರೆ’ ಅನ್ನಬೇಕು, ಇವಳು ನುಂಗಬೇಕು. ಅಮಾವಾಸ್ಯೆಯ ಹಿಂದಿನ ರಾತ್ರಿಯ ಉಪವಾಸವೂ ನಿಂತಿತು. ಮಾತ್ರೆ ತಿಂದು ಹಸಿದು ಮಲಗಬಾರದು ಅಂತ ಡಾಕ್ಟರು ಹೇಳಿದ್ದರು. ತೀರಿಹೋದ ಅತ್ತೆಯ ಫೋಟೊದ ಮುಂದೆ ನಿಂತು, ಮಗ್ಗ ಬೇಕಾದರೆ ಊಟ ಮಾಡಲೇಬೇಕು ನೋಡಿ ಅಂತ ಹೇಳಿಯೇ ಉಂಡಳಂತೆ. ಸಂಜೆ ನುಂಕಿಮಲೆ ಬೆಟ್ಟದ ದಾರಿಯಲ್ಲಿ ಸೀರೆಯ ಕೆಳಗೆ ಬೂಟು ಹಾಕಿಕೊಂಡು ನಡೆಯುತ್ತಿದ್ದಳು. ಬೀದಿಯವರು ನಕ್ಕರು. ನಾನೂ ನಕ್ಕೆ, ಅವಳು ಕ್ಯಾರೇ ಅನ್ನಲಿಲ್ಲ.

ಇನ್ನೊಂದು ಮಾಡಿದಳು. ಕುಂಕುಮ ಇಟ್ಟುಕೊಳ್ಳುವ ಕನ್ನಡಿಯನ್ನು ಗೋಡೆಯಿಂದ ಇಳಿಸಿ ಮಗ್ಗದ ಪಕ್ಕ ನೆಲದ ಮೇಲಿಟ್ಟಳು. ಗುಂಡಿಗೆ ಕಾಲು ಬಿಡುವ ಮುನ್ನ ಎರಡೂ ಅಂಗಾಲನ್ನು ಅದರಲ್ಲಿ ನೋಡಿಕೊಳ್ಳಬೇಕು. ಒಂದು ಬೆಳಿಗ್ಗೆ ಎಡಗಾಲ ಹೆಬ್ಬೆರಳಿನ ಬುಡದಲ್ಲಿ ಕಪ್ಪು ಚುಕ್ಕೆಯೊಂದು ಕಂಡಿತು. ಮುರಿದ ಜಾಲಿ ಮುಳ್ಳು, ಹಿತ್ತಲಿಗೆ ಬರಿಗಾಲಲ್ಲಿ ಹೋಗಿದ್ದಾಗ ಹೊಕ್ಕಿರಬೇಕು, ಸುತ್ತ ಕೆಂಪಾಗಿತ್ತು, ಕೀವಾಗಿರಲಿಲ್ಲ. ಆಸ್ಪತ್ರೆಯಲ್ಲಿ ತೆಗೆಸಿ ಪಟ್ಟಿ ಹಾಕಿಸಿಕೊಂಡು ಬಂದು ನನಗೆ ಫೋನು ಮಾಡಿದಳು. ಅವಳಿಗೆ ಅದು ಚುಚ್ಚಿದ್ದು ಯಾವಾಗಲೆಂಬುದೇ ತಿಳಿದಿರಲಿಲ್ಲ. ಫೋನಿನಲ್ಲಿ ಅವಳ ದನಿ ಸಣ್ಣಗಾದದ್ದನ್ನು ಕೇಳಿ ನನಗೆ ಹೆದರಿಕೆಯಾಯಿತು. ಗಾಯ ಮಾಗುವವರೆಗೆ ಮಗ್ಗ ಮುಟ್ಟಲಿಲ್ಲ. ಅಮಾವಾಸ್ಯೆ ಅಲ್ಲದ ದಿನ ಆ ಮನೆಯ ಮಗ್ಗ ಸುಮ್ಮನಿದ್ದದ್ದು ಅದೇ ಮೊದಲು.

ಹೋದ ತಿಂಗಳು ಒಂದು ದಿನ ನಾನು ಮಿಲ್ಲಿನ ಶೇಂಗಾ ಹಿಂಡಿಯ ಚೀಲ ಒಣಗಹಾಕುತ್ತಿದ್ದಾಗ ಬಾಗಿಲಲ್ಲಿ ಅಕ್ಕ, ಹಿಂದೆ ಭಾವ. ಹೇಳದೆ ಕೇಳದೆ ಬಂದಿದ್ದರು. ನಾನು ಕ್ಯಾಲೆಂಡರ್ ನೋಡಿದೆ. ಹುಣ್ಣಿಮೆ ಕಳೆದು ಎರಡೇ ದಿನವಾಗಿತ್ತು. ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು, ಬೆಳಿಗ್ಗೆ ರೊಟ್ಟಿ ತಿಂದು, ತಲೆಗೂದಲಲ್ಲಿ ರೇಷ್ಮೆಯ ನವಿರು ಸಿಕ್ಕಿಸಿಕೊಂಡೇ ಬಂದಿದ್ದಳು. ನೇರ ಕಿರಣ್‌ಕುಮಾರನ ಮುಂದೆ ಹೋಗಿ ತೋಳು ಚಾಚಿದಳು.

‘ತಗಳಪ್ಪ. ಈ ಸಲ ಏನೂ ತಯಾರಿ ಮಾಡ್ಕಂಡು ಬಂದಿಲ್ಲ. ಮೂರು ತಿಂಗಳು ಹೆಂಗಿದ್ನೋ ಹಂಗೇ ಐತೆ.’

ಏಳೂವರೆ ಬಂತು. ಕ್ಲಿನಿಕ್ಕಿಗೆ ಹೋಗಿ ತೋರಿಸಿದಾಗ ಡಾಕ್ಟರು ಶಹಬ್ಬಾಸ್ ಅಂದರು, ಇನ್ನೂ ಇಳಿಯಬೇಕು ಅಂತಲೂ ಸೇರಿಸಿದರು. ಆಮೇಲೆ ಮಂಚದ ಮೇಲೆ ಮಲಗಿಸಿ ಅದೇ ನೈಲಾನ್ ಎಳೆ ತೆಗೆದರು. ಅಕ್ಕ ಕಣ್ಣು ಮುಚ್ಚಿದಳು. ಎಳೆ ಹಿಮ್ಮಡಿಗೆ ತಾಗಿತು, ‘ಹೂಂ’ ಅಂದಳು. ಪಾದದ ನಡುವೆ ತಾಗಿತು, ‘ಹೂಂ’. ಡಾಕ್ಟರು ಎಳೆಯನ್ನು ಗಾಳಿಯಲ್ಲಿ ನಿಲ್ಲಿಸಿದರು. ಅಕ್ಕ ಸುಮ್ಮನಿದ್ದಳು. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು. ಅಕ್ಕ ಆಗಲೂ ಸುಮ್ಮನಿದ್ದಳು. ಮುಟ್ಟಿದ್ದೇನೆ, ತಿಳಿಯಿತೇ ಅಂತ ಡಾಕ್ಟರು ಮೆಲ್ಲಗೆ ಕೇಳಿದರು.

‘ಇಲ್ಲ ಡಾಕ್ಟ್ರಮ್ಮ. ಗೊತ್ತಾಗ್ಲಿಲ್ಲ.’

ಅದನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತು ಅಂತ ಆ ಕೋಣೆಯಲ್ಲಿ ನನಗೆ, ಭಾವನಿಗೆ ಮಾತ್ರ ತಿಳಿದಿತ್ತು. ಭಾವ ಮುಖ ಆಚೆ ತಿರುಗಿಸಿಕೊಂಡರು. ಹೋದ ಸಲ ಎಷ್ಟು ಹೋಗಿತ್ತೋ ಅಷ್ಟೇ ಇದೆ, ಅಲ್ಲಿಂದ ಮುಂದಕ್ಕೆ ಹೋಗಿಲ್ಲ, ಅಂದರು ಡಾಕ್ಟರು.

‘ಅಷ್ಟು ಸಾಕು. ಉಳಿದಿರೋದನ್ನ ನಾನು ಬಿಟ್ಟುಕೊಡಲ್ಲ’ ಅಂತ ಅಕ್ಕ ಎದ್ದು ಕೂತಳು. ಬೂಟು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈ ಹಾಕಿ ಕಲ್ಲು ಮುಳ್ಳು ಇಲ್ಲ ಅಂತ ನೋಡಿ, ಆಮೇಲೆ ಕಾಲು ತೂರಿಸಿದಳು. ಊಟ ಮಾಡಿಕೊಂಡು ಹೋಗೆ ಅಂದರೆ ಕೇಳಲಿಲ್ಲ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿದೆ, ಬಸ್ಸು ಹೊರಡುತ್ತದೆ, ಅಂತ ಭಾವನ ಕೈ ಹಿಡಿದು ನಡೆದಳು.